ಅಂಗನವಾಡಿಯ ಫೋಟೋ ಕಾಕಾ

ಜೂನ್ ತಿಂಗಳ ಒಂದು ಮಧ್ಯಾಹ್ನ, ಅಂಗನವಾಡಿಯ ಲಕ್ಷ್ಮೀಬಾಯಿ ಅಕ್ಕೋರು ಸುರುಳಿ ಸುತ್ತಿದ ಚಾರ್ಟೊಂದನ್ನು ಬಗಲಲ್ಲಿ ಹಿಡಿದುಕೊಂಡು ಗುಲ್ನಾಜ ಫೋಟೋ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಾಗ, ಕಮರುದ್ದೀನ ಕಂಪ್ಯೂಟರಿನ ಮುಂದೆ ಕುಳಿತು ಸತ್ತವರೊಬ್ಬರ ಹೆಗಲ ಮೇಲಿಂದ ಬೇರೆಯವರ ಕೈ ತೆಗೆಯುತ್ತಿದ್ದ. ಮದುವೆಯೊಂದರ ಗ್ರೂಪ್ ಫೋಟೋದಿಂದ ಆ ಹಿರಿಯರೊಬ್ಬರನ್ನೇ ಬಿಡಿಸಿ, ದೊಡ್ಡದು ಮಾಡಿ, ಫ್ರೇಮು ಹಾಕಿಸಿ ಸಂಜೆಗೆ ಕೊಡಬೇಕಿತ್ತು. ಈಗೀಗ ಬೆಂಗೇರಿಯ ಮಂದಿ ಅವನ ಹತ್ತಿರ ಬರುತ್ತಿದ್ದುದು ಇಂಥ ಕೆಲಸಕ್ಕೇ ಹೆಚ್ಚು.

"ಬಿಡುವ ಅದೀರೇನ್ರಿ ಅಣ್ಣಾರ?"

"ಬರ್ರಿ ಅಕ್ಕೋರ, ಕುಂದರ್ರಿ. ಇದೊಂದು ಕೈ ತಗದ್ರ ಆತು."

ಅಕ್ಕೋರು ಟೇಬಲ್ಲಿನ ಮೇಲೆ ಚಾರ್ಟು ಬಿಡಿಸಿದರು. ಅದರಲ್ಲಿ ಹಳದಿ ಬಣ್ಣದ ನಾಲ್ಕು ದುಂಡು ಮುಖಗಳಿದ್ದವು. ಒಂದು ನಗುತ್ತಿತ್ತು, ಒಂದು ಅಳುತ್ತಿತ್ತು, ಒಂದಕ್ಕೆ ಸಿಟ್ಟು ಬಂದಿತ್ತು, ಇನ್ನೊಂದು ಕಣ್ಣು ಅಗಲ ಮಾಡಿಕೊಂಡು ಹೆದರಿತ್ತು.

"ಪ್ಯಾಟ್ಯಾಗಿಂದ ತಂದೇನ್ರಿ. ನಮ್ಮ ಹುಡುಗ್ರಿಗೆ ತಮಗೇನಾಗೇತಿ ಅಂತ ಬಾಯಿ ಬಿಟ್ಟು ಹೇಳಾಕ ಬರಂಗಿಲ್ಲ. ಅಳತಾವ, ಇಲ್ಲಾ ಹೊಡೀತಾವ, ಇಲ್ಲಾ ಮೂಲ್ಯಾಗ ಹೋಗಿ ಕುಂದರತಾವ. ಅದಕ್ಕ ಇದನ್ನ ತೋರಿಸಿ ಕಲಸೋಣು ಅಂತ ಮಾಡಿದ್ದೆ. 'ಇದೇನು?' ಅಂತ ಕೇಳಿದ್ರ ಲಿಂಬಿಹಣ್ಣು ಅಂತಾವ್ರಿ."

"ನಾಕಕ್ಕೂ?"

"ನಾಕಕ್ಕೂ. ಈ ಅಳೋ ಮಾರಿಗೆ ಮಾತ್ರ ಕೊಳತದ್ದ ಲಿಂಬಿಹಣ್ಣು ಅಂತಾವು."

ಕಮರುದ್ದೀನ ನಕ್ಕುಬಿಟ್ಟ. ಅಕ್ಕೋರು ನಗಲಿಲ್ಲ. ಅಂಗನವಾಡಿಯ ಮಕ್ಕಳ ಮುಖಗಳನ್ನೇ ತೆಗೆದು, ದೊಡ್ಡ ದೊಡ್ಡ ಫೋಟೋ ಮಾಡಿ ಕೊಡಬೇಕು ಎಂದರು. ತಾಯಂದಿರನ್ನೆಲ್ಲ ಕೇಳಿಕೊಂಡೇ ಬಂದಿದ್ದರು. ನಾಲ್ಕು ಮುಖ ತೆಗೆಯುವುದು ಒಂದು ತಾಸಿನ ಕೆಲಸ ಎಂದುಕೊಂಡು ಕಮರುದ್ದೀನ ಒಪ್ಪಿದ.

ಕಮರುದ್ದೀನ ಹುಟ್ಟಿ ಬೆಳೆದದ್ದು ಬೆಂಗೇರಿಯಲ್ಲೇ. ಅಪ್ಪ ಸ್ಟೋವ್ ರಿಪೇರಿ ಮಾಡುತ್ತಿದ್ದ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ಹುಡುಗ ಹುಬ್ಬಳ್ಳಿ ಸ್ಟೇಶನ್ನಿನ ಕಡೆಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ನಿಂತ. ಅಲ್ಲಿಯ ಕತ್ತಲೆ ಕೋಣೆಯಲ್ಲಿ, ಕೆಂಪು ದೀಪದ ಕೆಳಗೆ, ಔಷಧಿ ನೀರಿನಲ್ಲಿ ತೇಲುವ ಬಿಳಿ ಕಾಗದದ ಮೇಲೆ ಮೊದಲು ಕೂದಲು, ಆಮೇಲೆ ಕಣ್ಣು, ಆಮೇಲೆ ನಿಧಾನಕ್ಕೆ ಇಡೀ ಮುಖ ಮೂಡಿ ಬಂದದ್ದನ್ನು ಕಂಡು ಅವನಿಗೆ ಅಂದು ಊಟ ಸೇರಿರಲಿಲ್ಲ. "ಇದು ಇಷ್ಟೊತ್ತು ಎಲ್ಲಿತ್ತು ಕಾಕಾ?" ಎಂದು ಮಾಲೀಕನನ್ನು ಕೇಳಿದ್ದಕ್ಕೆ "ಟ್ರೇ ಅಲ್ಲಾಡಿಸು" ಎಂಬ ಉತ್ತರ ಸಿಕ್ಕಿತ್ತು. ಟ್ರೇ ಅಲ್ಲಾಡಿಸುತ್ತಲೇ ಕೆಲಸ ಕಲಿತ. ಮೌಲಾಬಿಯನ್ನು ಮದುವೆಯಾದ. ಮಗಳು ಹುಟ್ಟಿದ ವರ್ಷ ಅವಳದೇ ಹೆಸರಿನಲ್ಲಿ ಸ್ವಂತ ಸ್ಟುಡಿಯೋ ಹಾಕಿದ. ಬೆಂಗೇರಿಯಲ್ಲಿ ಅವನ ಫ್ಲ್ಯಾಶು ಬೀಳದ ಮದುವೆ ಇಲ್ಲ ಎನ್ನುವಂಥ ಕಾಲವೂ ಒಂದಿತ್ತು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಗುಲ್ನಾಜ ಗಂಡನ ಜೊತೆ ಗದಗಿಗೆ ಹೋದಳು.

ಅವನ ಅಕ್ಕನ ಮಗ ನವಾಜ ಇವನ ಹತ್ತಿರವೇ ಕ್ಯಾಮೆರಾ ಹಿಡಿಯಲು ಕಲಿತವನು. ಅವನು ಒಂದು ದಿನ ರಸ್ತೆಯ ಆಚೆ ಬದಿಗೆ, ಸ್ಟುಡಿಯೋದ ಎದುರಿಗೇ, ಹೊಸ ಅಂಗಡಿ ತೆರೆದ. ಕಲರ್ ಪ್ರಿಂಟು, ಫ್ಲೆಕ್ಸು, ಝೆರಾಕ್ಸು, ಆನ್‌ಲೈನ್ ಅರ್ಜಿ ಎಲ್ಲ ಅಲ್ಲೇ. ಆರಂಭದ ಕಾರ್ಡನ್ನು ಅಕ್ಕನೇ ತಂದು ಕೊಟ್ಟಿದ್ದಳು. ಕಮರುದ್ದೀನ ಮಂಡಿನೋವೆಂದು ಹೇಳಿ ಹೋಗಲಿಲ್ಲ. ಅಂದಿನಿಂದ ಮಾಮ, ಅಳಿಯ ರಸ್ತೆಯ ಈಚೆ ಆಚೆ ನಿಂತು ತಲೆ ಅಲ್ಲಾಡಿಸುವುದು ಬಿಟ್ಟರೆ ಮಾತಿಲ್ಲ. "ಸಿಟ್ಟ ಬಂದೈತೇನ್ರಿ ನಿಮಗ?" ಎಂದು ಮೌಲಾಬಿ ಕೇಳಿದಾಗಲೆಲ್ಲ ಕಮರುದ್ದೀನ "ಏನಿಲ್ಲ" ಎಂದು ತಾಟಿನ ಕಡೆ ನೋಡುತ್ತಿದ್ದ.

ಅಂಗನವಾಡಿಯಲ್ಲಿ ನೀಲಿ ಪರದೆ ಕಟ್ಟಿ, ಒಂದು ಸ್ಟೂಲು ಇಟ್ಟು, ಕಮರುದ್ದೀನ ಮೊದಲ ಹುಡುಗನನ್ನು ಕೂರಿಸಿದ. ಬೀರಲಿಂಗ ಅಂತ, ನಾಲ್ಕು ವರ್ಷದವನು. ಎಲ್ಲರ ಬಾಯಲ್ಲೂ ಬೀರ್ಯಾ.

"ಬೀರ್ಯಾ, ಸಿಟ್ಟ ಮಾಡ್ಕೋ ನೋಡೋಣು."

ಬೀರ್ಯಾ ಹಲ್ಲು ಬಿಟ್ಟು ನಕ್ಕ. ಉಳಿದವರೆಲ್ಲ ನಕ್ಕರು. "ಅಳು" ಎಂದ. ಇನ್ನೂ ಜೋರಾಗಿ ನಕ್ಕರು. ಜೀವಮಾನವಿಡೀ ಅಳುವ ಮಕ್ಕಳನ್ನು ನಗಿಸಲು ಗಿಲಕಿ ಅಲ್ಲಾಡಿಸಿದವನಿಗೆ ಇದೊಂದು ಹೊಸ ಫಜೀತಿ. ಕೊನೆಗೆ ಪರದೆ ಬಿಚ್ಚಿ, ಸ್ಟೂಲು ಬದಿಗಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟ. ಮರುದಿನವೂ ಬಂದು ಹಾಗೇ ಕುಳಿತ. ಮಕ್ಕಳು ಅವನನ್ನು ಮರೆತ ಮೇಲೆ ಮುಖಗಳು ಒಂದೊಂದಾಗಿ ತಾವಾಗಿಯೇ ಸಿಕ್ಕವು. ಯಾರೋ ಪ್ಲಾಸ್ಟಿಕ್ ಟ್ರ್ಯಾಕ್ಟರು ಕಸಿದುಕೊಂಡಾಗ ಬೀರ್ಯಾನ ಮುಖ. ಹೊರಗೆ ಜೆಸಿಬಿ ಹಾದುಹೋದಾಗ ಯಾಸ್ಮಿನಳ ಮುಖ. ಹೊಲಿಗೆ ಕೆಲಸಕ್ಕೆ ಹೋಗುವ ತಾಯಿ ಬಾಗಿಲಲ್ಲಿ ಬಿಟ್ಟು ಹೋದ ಮೇಲೆ ಸೃಷ್ಟಿಯ ಮುಖ. ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆದಾಗ ಎಲ್ಲರ ಮುಖ.

ದೊಡ್ಡದು ಮಾಡಿ ತಂದು ಗೋಡೆಗೆ ಅಂಟಿಸಿದ ದಿನ, ತನ್ನ ಕೆಲಸ ಹೇಗೆ ಬಂದಿದೆಯೋ ನೋಡೋಣ ಎಂದು ಕಮರುದ್ದೀನ ಹಿಂದೆ ನಿಂತುಕೊಂಡ. ಅಕ್ಕೋರು ಬೀರ್ಯಾನ ಫೋಟೋ ತೋರಿಸಿ ಕೇಳಿದರು, "ಇವಗ ಏನಾಗೇತಿ?"

"ಸಂಡಾಸಕ್ಕ ಅವಸರಾಗೇತಿ," ಎಂದಳು ಸೃಷ್ಟಿ.

"ಅಲ್ಲ!" ಬೀರ್ಯಾ ಎದ್ದು ನಿಂತ. "ಟ್ರ್ಯಾಕ್ಟರ್ ನಂದು!"

"ಹೌದಪಾ, ನಿಂದ. ಅದನ್ನ ಕಸಗೊಂಡ್ರು. ಆವಾಗ ನಿನಗೇನಾತು? ಅದಕ್ಕೇನಂತಾರ?"

"ಟ್ರ್ಯಾಕ್ಟರ್ ಅಂತಾರ."

ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಂದಿನದು ಸೃಷ್ಟಿಯ ಫೋಟೋ. ನಿದ್ದೆ ಬಂದಿದೆ ಎಂದರು ಕೆಲವರು, ಜ್ವರ ಬಂದಿದೆ ಎಂದರು ಕೆಲವರು. "ಅವ್ವ ಬಿಟ್ಟು ಹೋದಳಂತ ಅಳು ಬಂದಿತ್ತೇನವಾ?" ಎಂದು ಅಕ್ಕೋರು ಸೃಷ್ಟಿಯನ್ನೇ ಕೇಳಿದರು. ಸೃಷ್ಟಿ ಇಲ್ಲವೆಂದು ತಲೆಯಾಡಿಸಿದಳು.

"ಅವ್ವ ದಿನಾ ಹೋಗ್ತಾಳ. ಹೊಳ್ಳಿ ನೋಡಂಗಿಲ್ಲ."

ಕಮರುದ್ದೀನ ಆ ಫೋಟೋ ತೆಗೆಯುವಾಗ ಸೃಷ್ಟಿಯಿಂದ ನಾಲ್ಕು ಮೊಳ ದೂರದಲ್ಲಿದ್ದ. ತಾಯಿ ಹೋದದ್ದನ್ನೂ ನೋಡಿದ್ದ, ಮಗುವಿನ ತುಟಿ ಅದುರಿದ್ದನ್ನೂ ನೋಡಿದ್ದ. ಆದರೆ ಆ ಹುಡುಗಿ ತಾಯಿ ಒಮ್ಮೆ ತಿರುಗಿ ನೋಡಲಿ ಎಂದು ಕಾಯುತ್ತ ನಿಂತಿದ್ದಳು ಎಂಬುದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಇಷ್ಟು ವರ್ಷ ತೆಗೆದ ಮುಖಗಳೆಲ್ಲ ಏನನ್ನು ನೋಡುತ್ತಿದ್ದವು, ಯಾರನ್ನು ಕಾಯುತ್ತಿದ್ದವು? ಈ ಪ್ರಶ್ನೆ ಅಂದು ಅವನ ತಲೆ ಹೊಕ್ಕಿದ್ದು ಹೊರಗೆ ಬರಲಿಲ್ಲ.

ಸಂಜೆ ಸೃಷ್ಟಿಯ ತಾಯಿ ಬಂದಾಗ ಅಕ್ಕೋರು ಮಗಳ ಮಾತು ಹೇಳಿದರು. ಆಕೆ, "ಹೊಳ್ಳಿ ನೋಡಿದ್ರ ನನಗ ಮುಂದ ಹೋಗಾಕ ಆಗಂಗಿಲ್ರಿ ಅಕ್ಕೋರ" ಎಂದಳು.

"ನನಗ್ಯಾಕ ಹೇಳತಿ? ಆಕಿಗೆ ಹೇಳು."

ತಾಯಿ ಕುಕ್ಕರಗಾಲಲ್ಲಿ ಕುಳಿತು ಮಗಳಿಗೆ ಹೇಳಿದಳು. ಸೃಷ್ಟಿ ದೊಡ್ಡವರ ಹಾಗೆ ವಿಚಾರ ಮಾಡಿದಳು. "ಹಂಗಾರ ಗೇಟಿನ ಆಚಿ ಹೋಗಿ ನೋಡು. ಅಲ್ಲಿಂದ ಒಳಗ ಬರಾಕ ದೂರಾಗ್ತೈತಿ," ಎಂದಳು.

ಅಂದಿನಿಂದ ಕಮರುದ್ದೀನನಿಗೆ ಒಂದೇ ಫೋಟೋ ಸಾಲದಾಯಿತು. ಒಂದು ಮುಖಕ್ಕೆ ಮೂರು ಚಿತ್ರ ಬೇಕು ಎಂದ. ಮೊದಲೇನಿತ್ತು, ಆಮೇಲೆ ಏನಾಯಿತು, ಕೊನೆಗೆ ಮುಖ ಹೇಗಾಯಿತು. ಹಳೆಯ ಕಾಲದಲ್ಲಿ ಫೋಟೋ ಒಣಹಾಕುತ್ತಿದ್ದ ಹಗ್ಗ, ಕ್ಲಿಪ್ಪುಗಳನ್ನು ಹುಡುಕಿ ತಂದು ಅಂಗನವಾಡಿಯ ಗೋಡೆಗೆ ಕಟ್ಟಿಕೊಟ್ಟ. ಮಕ್ಕಳು ಚಿತ್ರಗಳನ್ನು ಹಿಂದೆ ಮುಂದೆ ಸಿಕ್ಕಿಸುತ್ತ ಜಗಳ ಮಾಡುತ್ತ ಮಾತಾಡತೊಡಗಿದರು. ಅಕ್ಕೋರಿಗೆ ಬೇಕಿದ್ದದ್ದೂ ಅದೇ.

ಈ ಹುರುಪಿನಲ್ಲೇ ಅವನು ಒಂದು ತಪ್ಪು ಮಾಡಿದ. ಬೀರ್ಯಾನ ಸಿಟ್ಟಿನ ಫೋಟೋ ಇತ್ತು. ಟ್ರ್ಯಾಕ್ಟರು ಆಡುವ ಫೋಟೋ ಇತ್ತು. ನಡುವಿನದು, ಕಸಿದುಕೊಳ್ಳುವುದು, ಇರಲಿಲ್ಲ. ಬೆಳಿಗ್ಗೆಯಿಂದ ಕಾದರೂ ಯಾರೂ ಕಸಿಯಲಿಲ್ಲ. ಕಮರುದ್ದೀನ ಬಲಗೈಯಲ್ಲಿ ಕ್ಯಾಮೆರಾ ಹಿಡಿದು ಎಡಗೈ ಚಾಚಿ ತಾನೇ ಟ್ರ್ಯಾಕ್ಟರು ಕಿತ್ತುಕೊಂಡ.

ಬೀರ್ಯಾ ಅಳಲಿಲ್ಲ, ಹೊಡೆಯಲಿಲ್ಲ. ಖಾಲಿ ಕೈ ನೋಡಿಕೊಂಡ, ಆಮೇಲೆ ಫೋಟೋ ಕಾಕಾನ ಮುಖ ನೋಡಿದ. ಎದ್ದು ಹೋಗಿ ನೀರಿನ ಕೊಡದ ಹಿಂದೆ ಕುಳಿತ. ಟ್ರ್ಯಾಕ್ಟರು ತಿರುಗಿ ಕೊಟ್ಟರೂ ಮುಟ್ಟಲಿಲ್ಲ.

"ಇದು ಮಾತ್ರ ಬ್ಯಾಡ್ರಿ ಅಣ್ಣಾರ," ಎಂದರು ಅಕ್ಕೋರು. ದನಿ ಏರಿಸಲಿಲ್ಲ. "ಸಿಟ್ಟ ಬರಸಿ ಸಿಟ್ಟ ಅನ್ನೂ ಮಾತ ಕಲಸೂದಾದ್ರ, ನೀವೂ ಬ್ಯಾಡ, ನಿಮ್ಮ ಕ್ಯಾಮೆರಾನೂ ಬ್ಯಾಡ."

ಕಮರುದ್ದೀನ ಆ ದಿನ ತೆಗೆದದ್ದನ್ನೆಲ್ಲ ಅಳಿಸಿಹಾಕಿದ. ಮರುದಿನ ಕ್ಯಾಮೆರಾ ಇಲ್ಲದೆ ಬಂದ. ಬೀರ್ಯಾನ ಎದುರು ನೆಲದ ಮೇಲೆ ಕುಳಿತ.

"ಬೀರ್ಯಾ, ನಿನ್ನೆ ನಾ ನಿನ್ನ ಟ್ರ್ಯಾಕ್ಟರ್ ಕಸಗೊಂಡೆ. ತಪ್ಪಾತಪಾ."

ಬೀರ್ಯಾ ಬಹಳ ಹೊತ್ತು ಅವನ ಗಡ್ಡವನ್ನೇ ನೋಡಿದ. ಆಮೇಲೆ ಹೇಳಿದ, "ಕಾಕಾ, ನನಗ ನಿನ್ ಮ್ಯಾಲ ಸಿಟ್ಟ ಐತಿ."

ಉಪ್ಪಿಟ್ಟು ಕೆದಕುತ್ತಿದ್ದ ಅಕ್ಕೋರ ಕೈ ನಿಂತಿತು. ಆ ಹುಡುಗನ ಬಾಯಿಂದ ಆ ಮಾತು ತಾನಾಗಿ ಬಂದದ್ದು ಅದೇ ಮೊದಲು. ಕಮರುದ್ದೀನನಿಗೆ ನಾಚಿಕೆಯೂ ಆಯಿತು, ಒಳಗೊಳಗೇ ಹಿಗ್ಗೂ ಆಯಿತು. ಎರಡೂ ಒಮ್ಮೆಗೇ ಆಗಬಹುದು ಎಂಬುದೂ ಅವನಿಗೆ ಹೊಸ ಸಂಗತಿ. ಸುಮ್ಮನಿರಲಾಗದೆ ಕೇಳಿದ, "ಸಿಟ್ಟ ಎಲ್ಲೈತಿ?"

ಬೀರ್ಯಾ ಯೋಚಿಸಿ ಬಾಯಿ ತೆರೆದು ತೋರಿಸಿದ. "ಹಲ್ಲಾಗ."

"ಯಾವಾಗ ಹೋಗ್ತೈತಿ?"

"ಉಪ್ಪಿಟ್ಟ ತಿಂದಮ್ಯಾಲ."

ಉಪ್ಪಿಟ್ಟು ತಿಂದು ಕೈ ತೊಳೆದ ಮೇಲೆ ಕಮರುದ್ದೀನ ಮತ್ತೆ ಕೇಳಿದ, "ಹೋತನು?" ಬೀರ್ಯಾ ನಾಲಿಗೆಯನ್ನು ಬಾಯಿ ತುಂಬ ಆಡಿಸಿ ನೋಡಿದ. "ಹಿಂದಿನ ಹಲ್ಲಾಗ ಸ್ವಲ್ಪ ಐತಿ," ಎಂದ.

ಇಷ್ಟಾದ ಮೇಲೆ ಕಮರುದ್ದೀನ ಯಾವ ಮುಖವನ್ನೂ ಮಾಡಿಸಲು ಹೋಗಲಿಲ್ಲ. ಕಣ್ಣಿಗೆ ಬಿದ್ದದ್ದನ್ನು ಮಾತ್ರ ತೆಗೆಯುತ್ತಿದ್ದ. ಅಕ್ಕೋರು ಇನ್ನೊಂದು ದಾರಿ ಹೇಳಿದರು. "ಮಕ್ಕಳು ದಿನಾ ಮನ್ಯಾಗ ಏನೇನ ಮಾಡ್ತಾವ ಅದನ್ನ ತಗೀರಿ. ಖಾಲಿ ಸಿಟ್ಟು, ಖಾಲಿ ಖುಷಿ ಅಂತ ಎಲ್ಲಿರ್ತೈತ್ರಿ? ಹಲ್ಲ ತಿಕ್ಕುವಾಗ ಇರ್ತೈತಿ, ಹೆರಳ ಹಾಕ್ಕೊಳ್ಳುವಾಗ ಇರ್ತೈತಿ."

ತಾಯಂದಿರನ್ನು ಕೇಳಿಕೊಂಡು ಅವನು ಬೆಳಗಿನ ಹೊತ್ತು ಓಣಿಯ ಮನೆಗಳಿಗೆ ಹೋಗತೊಡಗಿದ. ಒಂದು ಮನೆಯಲ್ಲಿ ಹಲ್ಲುಪುಡಿ ತಿಂದು ಖಾಲಿ ಮಾಡುವ ಹುಡುಗ. ಒಂದು ಮನೆಯಲ್ಲಿ ಅಜ್ಜಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಸರಿಯಾಗಿ ತಾಟು ಬಡಿಯುವ ಹುಡುಗಿ. ಯಾಸ್ಮಿನಳ ಮನೆಯಲ್ಲಿ ಅವಳ ಅಬ್ಬಾ ಮೋಟರ್‌ಸೈಕಲ್ಲಿಗೆ ಕಿಕ್ ಹೊಡೆದಾಗೊಮ್ಮೆ ಅವಳೂ ಅಂಗಳದಲ್ಲಿ ಒಂದು ಕಾಲು ಒದೆಯುತ್ತಿದ್ದಳು. ಗಾಡಿ ಚಾಲೂ ಆದರೆ ತಾನೇ ಚಾಲೂ ಮಾಡಿದ ಹಾಗೆ ಬೀಗುತ್ತಿದ್ದಳು. ಈ ಓಣಿಯಲ್ಲಿ ಇಷ್ಟು ವರ್ಷ ಓಡಾಡಿದವನು, ಎಲ್ಲರ ಮದುವೆ ಮುಂಜಿಯ ಫೋಟೋ ತೆಗೆದವನು. ಬರೇ ಒಂದು ಮಂಗಳವಾರದ ಬೆಳಗು ಇಷ್ಟು ಗದ್ದಲದ್ದು ಅಂತ ಅವನಿಗೆ ಗೊತ್ತೇ ಇರಲಿಲ್ಲ.

ನಳದ ನೀರು ಬಿಡುವ ದಿನ ಸೃಷ್ಟಿಯ ತಾಯಿಯ ಫೋಟೋ ಸಿಕ್ಕಿತ್ತು. ಕೈಯಲ್ಲಿ ಕೊಡ, ಬಾಯಲ್ಲಿ ಬೈಗುಳ, ಕಣ್ಣಲ್ಲಿ ನಗೆ. ಹಗ್ಗಕ್ಕೆ ಅದನ್ನು ಸಿಕ್ಕಿಸಿ ಅಕ್ಕೋರು ಕೇಳಿದರು, "ಅವ್ವಗ ಖುಷಿ ಆಗೇತೋ, ಸಿಟ್ಟ ಬಂದೈತೋ?"

ಸೃಷ್ಟಿ ಎರಡನ್ನೂ ಒಪ್ಪಲಿಲ್ಲ. "ನಗತಾಳ, ಓಡತಾಳ, ಬೈತಾಳ. ಅವ್ವಗ ನೀರ ಆಗೇತಿ."

ಅಂಗನವಾಡಿಯಲ್ಲಿ ಆ ಮಾತು ನಿಂತೇಬಿಟ್ಟಿತು. ಹೊರಡುವ ಗಡಿಬಿಡಿಯಲ್ಲಿ ಚಪ್ಪಲಿ ಹುಡುಕುತ್ತ ಕೂಗಾಡುವವರನ್ನು ಕಂಡರೆ ಮಕ್ಕಳು "ಇವರಿಗೆ ನೀರ ಆಗೇತಿ" ಎನ್ನುತ್ತಿದ್ದರು. ಅಕ್ಕೋರು ತಿದ್ದಲು ಹೋಗಲಿಲ್ಲ. ಅದಕ್ಕಿಂತ ಸರಿಯಾದ ಮಾತು ತಮಗೂ ಹೊಳೆದಿಲ್ಲ ಎಂದರು.

ಯಾಸ್ಮಿನಳದು ಬೇರೆ ಕತೆ. ಅವಳ ಮನೆಯ ಮಾತು ಉರ್ದು. ಅಂಗನವಾಡಿಯಲ್ಲಿ ಅವಳು ಮಾತಾಡುತ್ತಿದ್ದದ್ದೇ ಕಡಿಮೆ. ಕಣ್ಣು ಅಗಲ ಮಾಡಿದ ತನ್ನ ಫೋಟೋದ ಮುಂದೆ ನಿಂತು ಒಂದು ದಿನ ಮೆಲ್ಲಗೆ "ಡರ್" ಎಂದಳು. ಅಕ್ಕೋರು ಕಮರುದ್ದೀನನ ಕಡೆ ನೋಡಿದರು.

"ಡರ್ ಅಂದ್ರ ಅಂಜಿಕೀರಿ. ನಮ್ಮ ಮನ್ಯಾಗ ಹಂಗ ಅಂತೇವಿ."

"ಹಂಗಾರ ಎರಡೂ ಕಲೀಲಿ ಎಲ್ಲಾರೂ," ಎಂದರು ಅಕ್ಕೋರು. ಎರಡೂ ಒಂದೇ ಎಂದು ಮಕ್ಕಳಿಗೆ ಹೇಳಿಕೊಟ್ಟರು.

ಮಕ್ಕಳು ಮಾತ್ರ ಒಂದೇ ಎಂದು ಒಪ್ಪಲಿಲ್ಲ. ಕೆಲವು ದಿನಗಳ ಮೇಲೆ ಕಮರುದ್ದೀನನ ಕಿವಿಗೆ ಅದು ಬಿತ್ತು. ನಾಯಿ ಕಂಡರೆ ಅಂಜಿಕಿ. ಜೆಸಿಬಿ ಬಂದರೆ ಡರ್. ಅಪ್ಪ ಗದರಿಸಿದರೆ ಅಂಜಿಕಿ. ಅಪ್ಪ ಬರುವುದು ತಡವಾದರೆ ಡರ್. ಯಾರೂ ಅವರಿಗೆ ಹೀಗೆ ಹಂಚಿ ಕೊಟ್ಟಿರಲಿಲ್ಲ. ಕಮರುದ್ದೀನ ಎರಡೂ ಮಾತುಗಳನ್ನು ಹುಟ್ಟಿದಂದಿನಿಂದ ಆಡಿದವನು. ಅವುಗಳ ನಡುವೆ ಇಂಥದೊಂದು ಗೆರೆ ಎಳೆಯಬಹುದೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಮನೆಗೆ ಹೋಗಿ ಮೌಲಾಬಿಗೆ ಹೇಳಿದ. "ನಿನಗ ಯಾವುದಕ್ಕ ಡರ್?" ಎಂದು ಕೇಳಿದ. ಮೌಲಾಬಿ ಹೊಲಿಗೆ ಮಶಿನ್ನಿನ ಮೇಲಿಂದ ತಲೆ ಎತ್ತಿ, "ನಿಮಗೇನಾಗೇತಿ ಇವತ್ತ?" ಎಂದಳು. ಅವನು ಬಿಡದೆ ಕೇಳಿದ್ದಕ್ಕೆ, ಗುಲ್ನಾಜಳ ಫೋನು ಒಂದು ದಿನ ಬರದಿದ್ದರೆ ತನಗೆ ಡರ್ ಆಗುತ್ತದೆ ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತು ಅವನಿಗೆ ಗೊತ್ತಿರಲಿಲ್ಲ. ಅವನು ಕೇಳಿರಲೂ ಇಲ್ಲ.

ದಸರೆಯ ಹೊತ್ತಿಗೆ ಮಕ್ಕಳು ಹೊಸ ತಕರಾರು ತೆಗೆದರು. ಗೋಡೆಯ ಮೇಲೆ ದೊಡ್ಡವರ ಮುಖ ಯಾಕಿಲ್ಲ? ದೊಡ್ಡವರಿಗೆ ಏನೂ ಆಗುವುದಿಲ್ಲವೇ? ಅಕ್ಕೋರು ತಮ್ಮ ಮೊಬೈಲಿನಲ್ಲೇ ನಾಲ್ಕಾರು ಫೋಟೋ ತೆಗೆದರು. ಅವುಗಳಲ್ಲಿ ಒಂದು ಕಮರುದ್ದೀನನದು. ಅವನು ತನ್ನ ಸ್ಟುಡಿಯೋದ ಬಾಗಿಲಿಗೆ ಒರಗಿ ನಿಂತಾಗ, ಅವನಿಗೆ ತಿಳಿಯದ ಹಾಗೆ ತೆಗೆದದ್ದು. ಅವನಿಗೆ ಮೊದಲೇ ಗೊತ್ತಾಗಬಾರದೆಂದು ಪ್ರಿಂಟನ್ನು ಎದುರಿನ ನವಾಜನ ಅಂಗಡಿಯಲ್ಲಿ ಹಾಕಿಸಿದ್ದರು.

ಹಗ್ಗದ ಮೇಲೆ ತನ್ನನ್ನೇ ಕಂಡು ಕಮರುದ್ದೀನನಿಗೆ ನಗೆ ಬಂತು. ಕ್ಯಾಮೆರಾದ ಈಚೆಗೇ ಇದ್ದವನಿಗೆ ತನ್ನ ಮುಖ ಬೇರೆ ಯಾರದೋ ಮುಖದಂತೆ ಕಂಡಿತು.

"ಕಾಕಾಗ ಸಿಟ್ಟ ಬಂದೈತಿ," ಎಂದ ಬೀರ್ಯಾ.

"ಇಲ್ಲ," ಎಂದಳು ಸೃಷ್ಟಿ. "ಸಿಟ್ಟ ಬಂದ್ರ ಹಲ್ಲ ಕಡೀತಾರ. ಕಾಕಾನ ಬಾಯಿ ಮೆತ್ತಗ ಐತಿ."

"ಹಂಗಾರ ಏನ್ ಮಾಡಾಕತ್ತಾನ ಕಾಕಾ?" ಅಕ್ಕೋರು ಕೇಳಿದರು.

ಯಾಸ್ಮಿನ ಫೋಟೋದ ಹತ್ತಿರ ಹೋಗಿ ಕಮರುದ್ದೀನನ ಕಣ್ಣು ಹೋದ ಕಡೆ ಬೆರಳಿಟ್ಟಳು. ಅಲ್ಲಿ ಚಿತ್ರದ ಅಂಚಿನಲ್ಲಿ ನವಾಜನ ಅಂಗಡಿಯ ಬೋರ್ಡಿನ ಒಂದು ತುಣುಕು ಕಾಣುತ್ತಿತ್ತು. "ಕಾಕಾಗ ಅಲ್ಲಿ ಹೋಗಬೇಕಾಗೇತಿ," ಎಂದಳು. "ಯಾರೂ ಕರದಿಲ್ಲ."

ಮಕ್ಕಳು ಮುಂದಿನ ಫೋಟೋಕ್ಕೆ ಹೋದರು. ಕಮರುದ್ದೀನ ಅಲ್ಲೇ ನಿಂತ. ಇಷ್ಟು ದಿನ ತನ್ನೊಳಗೆ ಇರುವುದು ಸಿಟ್ಟು ಎಂದೇ ಅವನು ತಿಳಿದಿದ್ದ. ಒಮ್ಮೊಮ್ಮೆ, ಅಲ್ಲಿಯ ಗಿರಾಕಿಗಳನ್ನು ಕಂಡಾಗ, ಹೊಟ್ಟೆಕಿಚ್ಚಿರಬಹುದು ಎಂದೂ ಅನಿಸಿತ್ತು. ಈಗ ಹುಡುಗಿಯ ಮಾತನ್ನು ಒಳಗೆ ಇಟ್ಟು ನೋಡಿದ. ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಕೂತಿತು.

ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದ. ಮೌಲಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾ ಕೇಳಿದಾಗೆಲ್ಲಾ ಏನಿಲ್ಲ ಏನಿಲ್ಲ ಅಂದ್ರಿ. ನಾಕ ವರ್ಷದ ಕೂಸು ಹೇಳಿದ್ದಕ್ಕ ಈಗ ಗೊತ್ತಾತೇನು? ಹೋಗಿ ಬರ್ರಿ. ರಸ್ತೆ ಏನ ಹೊಳಿ ಅಲ್ಲ."

ಮರುದಿನ ಬೆಳಿಗ್ಗೆ ನವಾಜ ಶಟರ್ ಎತ್ತುತ್ತಿರುವಾಗಲೇ ಕಮರುದ್ದೀನ ರಸ್ತೆ ದಾಟಿದ. ನವಾಜ ಗಾಬರಿಯಾಗಿ ಕುರ್ಚಿ ಒರೆಸಿ ಮುಂದಿಟ್ಟ. ಕಮರುದ್ದೀನ ಕುಳಿತ. ಕಾರಣವಿಲ್ಲದೆ ಪ್ರಿಂಟರನ್ನು ಮುಟ್ಟಿ ನೋಡಿದ. ಕೊನೆಗೆ ಬೀರ್ಯಾನ ಹಾಗೇ ಹೇಳಿಬಿಟ್ಟ.

"ನವಾಜ, ನನಗ ಬ್ಯಾಸರಾಗೇತಿ. ನಿಮ್ಮ ಅಮ್ಮಾನ ಕೈಲಿ ಕಾರ್ಡ್ ಕಳಿಸಿದಿ. ನೀನ ಬಂದು ಕರೀಬೇಕಿತ್ತು."

ನವಾಜ ಡ್ರಾ ಎಳೆದು ಒಂದು ಫೋಟೋ ತೆಗೆದು ಟೇಬಲ್ಲಿನ ಮೇಲಿಟ್ಟ. ಅಂಗನವಾಡಿಯ ಹಗ್ಗದ ಮೇಲಿದ್ದದ್ದೇ. "ಅಕ್ಕೋರು ಪ್ರಿಂಟ್ ಹಾಕ್ಸಾಕ ಬಂದಾಗ ಒಂದ್ ಕಾಪಿ ನಾನೂ ಇಟ್ಕೊಂಡೆ ಮಾಮು. ನೀವು ದಿನಾ ನನ್ನ ಕಡೆ ಸಿಟ್ಟಿಲೆ ನೋಡ್ತೀರಿ ಅಂತ ತಿಳಕೊಂಡಿದ್ದೆ. ಇದರಾಗ ನೋಡಿದ್ರ ಸಿಟ್ಟ ಕಾಣಂಗಿಲ್ಲ."

"ಯಾಕ ಬರಲಿಲ್ಲ ನೀನು?"

"ಬರಬೇಕಂತ ನಿಮ್ಮ ಮೆಟ್ಟಲ ತನಕ ಬಂದಿದ್ದೆ. ನಿಮ್ಮ ಎದರ ಅಂಗಡಿ ಹಾಕಾಕತ್ತೇನಿ ಅಂತ ನಿಮಗ ಹೆಂಗ ಹೇಳ್ಲಿ? ಹೊಳ್ಳಿ ಹೋದೆ."

"ಅಂಜಿಕಿ ಇತ್ತೋ, ಡರ್ ಇತ್ತೋ?"

"ಎರಡೂ ಒಂದ ಅಲ್ಲೇನ್ರಿ?"

"ಅಲ್ಲಂತಪಾ," ಎಂದ ಕಮರುದ್ದೀನ. ಚಹಾ ಬರುವವರೆಗೂ ಮಕ್ಕಳ ಲೆಕ್ಕವನ್ನು, ಅಪ್ಪ ಗದರಿಸಿದರೆ ಅಂಜಿಕಿ, ಬರದೆ ಹೋದರೆ ಡರ್ ಎಂದು, ಬಿಡಿಸಿ ಹೇಳಿದ. ನವಾಜ ಕೇಳಿ ಕೇಳಿ ನಕ್ಕ. ಆಮೇಲೆ ನಗೆ ನಿಲ್ಲಿಸಿ, "ಹಂಗಾದ್ರ ಡರ್ ಇತ್ತು ಮಾಮು" ಎಂದ.

ಇದರಿಂದ ಎಲ್ಲವೂ ಸರಿಹೋಯಿತು ಎಂದಲ್ಲ. ಗಿರಾಕಿಗಳು ಈಗಲೂ ಆಚೆ ಬದಿಗೇ ಹೆಚ್ಚು. ಅಲ್ಲಿ ಸಾಲು ನಿಂತ ದಿನ ಕಮರುದ್ದೀನ ಮನೆಗೆ ಹೋಗಿ "ಇವತ್ತ ಹೊಟ್ಟಿಕಿಚ್ಚಾತು" ಎಂದು ನೇರವಾಗಿ ಹೇಳುತ್ತಾನೆ. ಮೌಲಾಬಿ "ಕೈ ತೊಳಕೊಂಡ ಬರ್ರಿ" ಎನ್ನುತ್ತಾಳೆ. ಮಕ್ಕಳ ಕೈಯಲ್ಲಿ ಹರಿಯದ ಹಾಗೆ ಫೋಟೋಗಳಿಗೆ ಲ್ಯಾಮಿನೇಶನ್ ಹಾಕುವ ಕೆಲಸ ನವಾಜನದು. ಅದಕ್ಕಾಗಿ ಇಬ್ಬರೂ ರಸ್ತೆ ದಾಟುತ್ತಾರೆ, ದಾಟಿದಾಗ ಜಗಳವನ್ನೂ ಆಡುತ್ತಾರೆ. ಬೇರೆ ಓಣಿಯ ಅಂಗನವಾಡಿಯವರೊಬ್ಬರು ಬಂದು ಈ ಫೋಟೋಗಳ ಒಂದು ಪ್ರತಿ ಕೇಳಿದಾಗ ಲಕ್ಷ್ಮೀಬಾಯಿ ಅಕ್ಕೋರು ಕೊಡಲಿಲ್ಲ. "ನಮ್ಮ ಬೀರ್ಯಾ ನಿಮ್ಮ ಮಕ್ಕಳಿಗೆ ಲಿಂಬಿಹಣ್ಣ ಆಗ್ತಾನ್ರಿ. ನಿಮ್ಮ ಮಕ್ಕಳದ ತಗಸ್ರಿ," ಎಂದು ಕಮರುದ್ದೀನನನ್ನೇ ಕಳಿಸಿಕೊಟ್ಟರು. ಹೀಗೆ ಅವನಿಗೆ ಇನ್ನೊಂದು ಓಣಿಯ ಬೆಳಗೂ ಸಿಕ್ಕಿತು.

ಈ ವರ್ಷ ಹನಮ್ಯಾ ಎಂಬ ಹೊಸ ಹುಡುಗ ಬಂದಿದ್ದಾನೆ. ಪೂರ್ತಿ ಹೆಸರು ಹನಮೇಶ. ಊಟವಾದ ಮೇಲೆ ಹೊಸ್ತಿಲ ಮೇಲೆ ಕುಳಿತುಬಿಡುತ್ತಾನೆ. ಆಡುವುದಿಲ್ಲ, ಮಲಗುವುದಿಲ್ಲ, ಅಳುವುದೂ ಇಲ್ಲ. ಮೊನ್ನೆ ಕಮರುದ್ದೀನ ಹತ್ತಿರ ಹೋಗಿ ಕೇಳಿದ.

"ಏನ್ ಮಾಡಾಕತ್ತೀಯಪಾ?"

"ಸುಮ್ನ ಕುಂತೇನಿ."

"ಖುಷಿ ಆಗೇತೇನು?"

"ಇಲ್ಲ."

"ಬ್ಯಾಸರಾಗೇತೇನು?"

"ಇಲ್ಲ."

"ಮತ್ತೇನಾಗೇತಿ?"

"ಸುಮ್ನ ಆಗೇತಿ."

ಕಮರುದ್ದೀನ ಅದನ್ನು ಅಕ್ಕೋರ ಹತ್ತಿರ ಒಯ್ದ. ಸಮಾಧಾನ ಅನ್ನಬಹುದೇನೋ ಎಂದರು ಅಕ್ಕೋರು. ಸಮಾಧಾನ ಎಂದರೆ ಮೊದಲು ಏನೋ ಗಲಾಟೆ ಆಗಿರಬೇಕಲ್ಲ ಎಂದ ಕಮರುದ್ದೀನ. ಅರಾಮ ಎಂದರೆ? ಅದು ಮೈಗೆ ಹೇಳುವ ಮಾತು. ಇಬ್ಬರಿಗೂ ಬಗೆಹರಿಯಲಿಲ್ಲ. ಮೂರು ಫೋಟೋದಲ್ಲಿ ಇದನ್ನು ಹೇಗೆ ತೋರಿಸುವುದು? ಮೊದಲೂ ಏನಿಲ್ಲ, ಆಮೇಲೂ ಏನಿಲ್ಲ.

ಅವನು ತಿರುಗಿ ಹೋಗಿ, "ಒಂದೀಟು ಸರೀಪಾ" ಎಂದು ಹೇಳಿ, ಕ್ಯಾಮೆರಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಸ್ತಿಲ ಮೇಲೆ ಹನಮ್ಯಾನ ಪಕ್ಕ ಕುಳಿತ. ಅಂಗಳದಲ್ಲಿ ಒಂದು ಕೋಳಿ ಹೋಯಿತು. ಆಟೋ ಒಂದು ಹಾದುಹೋಗಿ, ಎದ್ದ ಧೂಳು ನಿಧಾನಕ್ಕೆ ಕೆಳಗೆ ಇಳಿಯಿತು. ಸ್ವಲ್ಪ ಹೊತ್ತಾದ ಮೇಲೆ ಹುಡುಗ ಅವನ ಕಡೆ ತಿರುಗಿದ.

"ಕಾಕಾ, ನಿನಗೇನಾಗೇತಿ?"

"ತಡೀಪಾ," ಎಂದ ಕಮರುದ್ದೀನ. "ನೋಡಿ ಹೇಳತೇನಿ."